ಬೆಲ್ಲದ ಸೀಟಿ

ಬಹಳ ಹಿಂದೆ, ಅಂದರೆ ಇದನ್ನೋದಿ ಇಂದು ಯಾರೂ ನೊಂದುಕೊಳ್ಳಲಾಗದಷ್ಟು ಹಿಂದೆ, ಡಂಕಾಪುರಿ ಎಂಬ ರಾಜ್ಯವಿತ್ತು. ಅಲ್ಲಿನ ಚಂಡವಿಕ್ರಮ ಮಹಾರಾಜರಿಗೆ ಒಂದೇ ಕೊರಗು: ತಮ್ಮ ಭಾಷಣಕ್ಕೆ ಪ್ರಜೆಗಳು ಆಕಳಿಸುತ್ತಾರೆ.

"ದೊಡ್ಡವರನ್ನು ಬಿಡಿ ಪ್ರಭೂ, ಅವರು ಕೆಟ್ಟುಹೋದ ಬ್ಯಾಚು," ಎಂದರು ಪ್ರಚಾರಮಂತ್ರಿ ಮೃದಂಗಪ್ಪನವರು. "ಮಕ್ಕಳನ್ನು ಹಿಡಿಯೋಣ. ಯೂತ್ ಪಾಲಿಸಿ!"

ಮರುದಿನವೇ ಗಾಳಿಪಟದ ಸಂಘ, ಲಗೋರಿ ತಂಡಗಳೆಲ್ಲ ರದ್ದಾಗಿ ರಾಜಬಾಲದಳದಲ್ಲಿ ವಿಲೀನವಾದವು. ಸಮವಸ್ತ್ರ, ಡೋಲು, ಬೆಟ್ಟದ ಮೇಲೆ ಕ್ಯಾಂಪು, ಬೆಂಕಿಯ ಸುತ್ತ ಹಾಡು. ಮಕ್ಕಳಿಗೆ ನಿಜಕ್ಕೂ ಖುಷಿಯಾಯಿತು. ಮನೆಯಲ್ಲಿ ಯಾರು ಡೋಲು ಕೊಡಿಸಿದ್ದರು? ಗಣಿತದ ಪುಸ್ತಕವೂ ಬದಲಾಯಿತು: ಪ್ರಭುಗಳ ಒಂದು ಮುಗುಳ್ನಗೆ ಹತ್ತು ಸೂರ್ಯರಿಗೆ ಸಮವಾದರೆ, ಮೂರಕ್ಕೆ ಎಷ್ಟು ಸೂರ್ಯರು?

ಕೊನೆಗೆ ಪ್ರತಿ ಮಗುವಿಗೊಂದು ಸೀಟಿ ಬಂತು. ಸಂಜೆಯ ರಾಜಸ್ತೋತ್ರದಲ್ಲಾಗಲಿ ರಾಜಭಾಷಣದಲ್ಲಾಗಲಿ ಯಾರು ಆಕಳಿಸಿದರೂ ಮಗು ಊದಬೇಕು. ಭಟರು ಬಂದು ಆಕಳಿಸಿದವರನ್ನು 'ಎಚ್ಚರ ಶಿಬಿರ'ಕ್ಕೆ ಒಯ್ಯುತ್ತಿದ್ದರು.

ನೇಕಾರರ ಓಣಿಯ ಗಿರಿಯಜ್ಜಿಗೆ ಸಂಜೆಯಾದರೆ ಸಾಕು, ಆಕಳಿಕೆ. ಮೊಮ್ಮಗಳು ಚಂಪಿ ಕಂಗಾಲಾದಳು.

"ಬಾಯಿ ಮುಚ್ಕೊ ಅಜ್ಜೀ! ಊದ್ಬೇಕಾಗುತ್ತೆ."

"ಊದ್ಬಿಡು ಕಣೇ. ಇಲ್ದಿದ್ರೆ ನಿನ್ನ ಡೋಲು ಕಿತ್ಕೊಂಡ್ಬಿಡ್ತಾರೆ."

ಚಂಪಿ ಅಡುಗೆಮನೆಗೆ ಹೋಗಿ ಸೀಟಿಗೆ ಬೆಲ್ಲ ಮೆತ್ತಿದಳು. ಆಮೇಲೆ ಅಜ್ಜಿ ಆಕಳಿಸಿದಾಗಲೆಲ್ಲ ಕೆನ್ನೆಯುಬ್ಬಿಸಿ, ನಿಷ್ಠೆಯಿಂದ ಊದಿದಳು. ಸದ್ದು ಬರಲಿಲ್ಲ. ಬಾಯಿ ಸಿಹಿಯಾಯಿತು.

ವಾರ್ಷಿಕೋತ್ಸವ ಬಂತು. ಮಹಾರಾಜರು ತಮ್ಮ ಸರಳತೆಯ ಬಗ್ಗೆ ಮಾತನಾಡುತ್ತ ಮಾತನಾಡುತ್ತ ತಾವೇ ಆಕಳಿಸಿದರು. ಮಕ್ಕಳು ಶಿಸ್ತಿನವರು, ಸೀಟಿಗಳು ಕಿವಿ ಕಿತ್ತುಹೋಗುವಂತೆ ಮೊಳಗಿದವು. ಪ್ರಭುಗಳ ಮುಖ ಬಿಳಿಚಿತು. ಭಟರು ಕಿರೀಟವನ್ನೂ ಶಿಬಿರದ ದಾರಿಯನ್ನೂ ನೋಡಿದರು.

"ಅದು ಆಕಳಿಕೆಯಲ್ಲ, ಪ್ರಾಣಾಯಾಮ!" ಎಂದು ಕೂಗಿದರು ಮಂತ್ರಿಗಳು. "ಅದನ್ನರಿತವಳು ಆ ಮುಂದಿನ ಸಾಲಿನ ಹುಡುಗಿ ಒಬ್ಬಳೇ. ನೋಡಿ ಪ್ರಭೂ, ಊದುತ್ತಲೇ ಇದ್ದಾಳೆ, ಸದ್ದಿಲ್ಲ. ಅವಳ ಸೀಟಿಗೂ ರಾಜಭಕ್ತಿ!"

ಚಂಪಿ ಅಲ್ಲೇ 'ಬಾಲರತ್ನ'ವಾದಳು. ಇನ್ನು ಮುಂದೆ ಅರಮನೆಯಲ್ಲೇ ವಾಸ.

"ನಮ್ಮಜ್ಜಿ?" ಎಂದಳು.

"ಬಾಲರತ್ನಗಳಿಗೆ ಅಜ್ಜಿ ಇರೋದಿಲ್ಲಮ್ಮ. ಪ್ರಭುಗಳೇ ಅಜ್ಜಿ."

ಮಹಾರಾಜರು ಅಜ್ಜಿಯಂತೆ ನಗಲು ಪ್ರಯತ್ನಿಸಿದರು.

ಸೀಟಿಯ ತಪಾಸಣೆಯಲ್ಲಿ ಬೆಲ್ಲ ಸಿಕ್ಕಿತು. ರಾಜಭಕ್ತಿಯ ಮೂಲದ್ರವ್ಯ ಅದೇ ಎಂದು ತಜ್ಞರ ಸಮಿತಿ ವರದಿ ಕೊಟ್ಟಿತು. ಮನೆಮನೆಯ ಬೆಲ್ಲವನ್ನೆಲ್ಲ ಅರಮನೆಗೆ ಹೊತ್ತೊಯ್ದರು. ಆ ಯುಗಾದಿಗೆ ಡಂಕಾಪುರಿಯ ಜನ ಬರೀ ಬೇವು ತಿಂದರು.

ಗಿರಿಯಜ್ಜಿ ಈಗ ಎಷ್ಟು ಬೇಕಾದರೂ ಆಕಳಿಸಬಹುದಿತ್ತು, ಊದುವವರಿರಲಿಲ್ಲ. ಅದೇಕೋ ಅವಳಿಗೆ ಆಕಳಿಕೆಯೇ ಬರಲಿಲ್ಲ.