ರಕ್ತದ ಜಾತಕ

"ರಕ್ತನಿಧಿಯಿಂದ ಮಾತಾಡ್ತಿರೋದು. ವೈರಸ್ ಪರೀಕ್ಷೆ ವಿಷಯ. ಫೋನಲ್ಲಿ ಬೇಡ, ಇವತ್ತೇ ಬಂದುಬಿಡಿ."

ಯುಂಗ್‌ಲಿನ್‌ನ ಕೈಯಿಂದ ಸ್ಪ್ಯಾನರ್ ಜಾರಿ ಕಾಲ ಮೇಲೆ ಬಿತ್ತು. ನೋವೇ ಗೊತ್ತಾಗಲಿಲ್ಲ, ಅಷ್ಟು ಹೆದರಿದ್ದ. ರಿಪೇರಿಗೆ ಬಂದಿದ್ದ ಸ್ಕೂಟರಿನ ಪಕ್ಕದಲ್ಲೇ ಕುಸಿದು ಕೂತ.

ಅವನು ರಕ್ತ ಕೊಟ್ಟದ್ದು ಪೇಯ್‌ಚುನ್‌ಳನ್ನು ಮದುವೆಯಾಗುವ ಆಸೆಯಿಂದ. ಅವಳ ಅಪ್ಪ ಹುಂಗ್, ತೈನಾನ್ ಊರಿನ ಮೀನು ಮಾರುಕಟ್ಟೆಯಲ್ಲಿ ಹರಾಜು ಕೂಗಿ ನಿವೃತ್ತರಾದವರು. ನೂರು ಸಲ ರಕ್ತ ಕೊಟ್ಟು ಪದಕ ಪಡೆದವರು. "ಜಾತಕ ಸುಳ್ಳು ಹೇಳುತ್ತೆ, ರಕ್ತ ಹೇಳಲ್ಲ" ಎಂದಿದ್ದರು. "ನಾಳೆ ರಕ್ತದಾನದ ಬಸ್ಸು ಬರುತ್ತೆ. ನನ್ನ ಜೊತೆ ಬಂದು ಕೊಡು. ವಾರದೊಳಗೆ ಅವರಿಂದ ಫೋನ್ ಬರ್ಲಿಲ್ಲ ಅಂದ್ರೆ ಮಗಳು ನಿನ್ನೋಳು." ನಾಳೆಗೆ ವಾರ ತುಂಬುತ್ತಿತ್ತು.

ಪಕ್ಕದ ಬನ್ನಂಗಡಿಯ ಅಮೇಯ್ ಅತ್ತೆ ಇಣುಕಿದಳು. "ಯಾಕೋ, ಮುಖ ಹಿಟ್ಟು ಮೆತ್ತಿದ ಹಾಗಿದೆ?"

ಬಾಯಿ ಮುಚ್ಚಿಕೊಂಡಿರಬೇಕಿತ್ತು. ಹೇಳಿಬಿಟ್ಟ.

"ರೋಗ ಇಲ್ದೆ ಅವರು ಯಾರನ್ನೂ ಕರೆಯಲ್ಲ ಕಣಪ್ಪ. ನಮ್ಮ ನಾದಿನಿ ಗಂಡನ್ನೂ ಹೀಗೇ ಕರೆದಿದ್ರು."

"ಆಮೇಲೆ?"

"ಆಮೇಲೇನು, ನಾದಿನಿ ತವರಿಗೆ ಹೋದ್ಲು."

ದಿನಾ ಕೈಗೇ ಬನ್ನು ಕೊಡುತ್ತಿದ್ದ ಅತ್ತೆ ಅಂದು ಇಕ್ಕಳದಲ್ಲಿ ಹಿಡಿದು, ಮಾರು ದೂರ ನಿಂತು ಚಾಚಿದಳು. ಸುದ್ದಿ ಓಣಿ ದಾಟಿತು. ಎದುರಿನ ಕ್ಷೌರಿಕ ಬಾಗಿಲಲ್ಲೇ ನಿಂತು, "ನನ್ನ ಕತ್ತಿಯಿಂದ ಬಂದಿದ್ದಲ್ಲ, ಈಗ್ಲೇ ಹೇಳಿರ್ತೀನಿ" ಎಂದ. ಸ್ಕೂಟರಿನವನು ಬಂದು ಹ್ಯಾಂಡಲ್ ಒರೆಸಿ, ಬಿಚ್ಚಿದ ಚಕ್ರವನ್ನು ಹೆಗಲಿಗೇರಿಸಿ, ಗಾಡಿಯನ್ನು ಎಳೆದುಕೊಂಡೇ ಹೋದ.

ಯುಂಗ್‌ಲಿನ್ ಬಸ್ಸಿನಲ್ಲಿ ಯಾರಿಗೂ ತಾಗದಂತೆ ನಿಂತುಕೊಂಡು ಹೋದ. ಹಲ್ಲು ಕೀಳಿಸಿದ್ದು, ಸೈನ್ಯದಲ್ಲಿದ್ದಾಗ ಗೆಳೆಯನ ಬ್ಲೇಡು ಬಳಸಿದ್ದು, ಎಲ್ಲ ನೆನಪಾಯಿತು. ಸಾವಿಗಿಂತ ಪೇಯ್‌ಚುನ್‌ಗೆ ಏನು ಹೇಳಲಿ ಎಂಬುದೇ ದೊಡ್ಡ ಭಯವಾಗಿತ್ತು.

ರಕ್ತನಿಧಿಯ ನರ್ಸ್ ಕೇಳಿದಳು, "ಅವತ್ತು ಬೆಳಿಗ್ಗೆ ಏನು ತಿಂದಿದ್ರಿ?"

"ಅಮ್ಮ ಹಂದಿಕಾಲಿನ ಸೂಪ್ ಕುಡಿಸಿದ್ರು. ರಕ್ತ ಕಮ್ಮಿಯಾಗಬಾರದು ಅಂತ ಎಳ್ಳೆಣ್ಣೆ ಸುರಿದು, ಎರಡು ದೊಡ್ಡ ಬಟ್ಟಲು."

"ಅದಕ್ಕೇ. ನಿಮ್ಮ ರಕ್ತ ಹಾಲಿನ ಹಾಗಿತ್ತು, ಪೂರ್ತಿ ಕೊಬ್ಬು. ಯಂತ್ರಕ್ಕೆ ವೈರಸ್ ಪರೀಕ್ಷೆ ಮಾಡೋಕೇ ಆಗ್ಲಿಲ್ಲ. ಮುಂದಿನ ಸಲ ಸೂಪ್ ಬಿಟ್ಟು ಬನ್ನಿ."

"ಹಾಗಾದ್ರೆ ರೋಗ?"

"ರೋಗ ಅಂತ ಕರೆದಿದ್ದಲ್ಲ, ಇದನ್ನ ಹೇಳೋಕೇ ಕರೆದಿದ್ದು."

ಹೋದ ಜೀವ ಬಂದಂತಾಯಿತು. ಹೊರಗೆ ಓಡಿಬಂದವನು ಗಕ್ಕನೆ ನಿಂತ. ಬೆಂಚಿನ ಮೇಲೆ ಹುಂಗ್ ಕೂತಿದ್ದರು. ಪಕ್ಕದಲ್ಲಿ ಒಂದು ಪೆಟ್ಟಿಗೆ.

"ಮಾವ, ನೀವಿಲ್ಲಿ?"

"ನನಗೂ ಫೋನ್ ಬಂತು."

ಯುಂಗ್‌ಲಿನ್‌ಗೆ ಆಗ ಜ್ಞಾಪಕವಾಯಿತು. ಬೀಗರಾಗುವವರೆಂದು ಅಮ್ಮ ಅವರಿಗೂ ಅದೇ ಸೂಪನ್ನು ಡಬ್ಬಿ ತುಂಬಾ ಕಳಿಸಿದ್ದಳು.

"ಹೆದರ್ಬೇಡಿ ಮಾವ, ಅದು ಬರೀ ಸೂಪು."

"ಗೊತ್ತಾಯ್ತು, ಈಗ ತಾನೇ ಹೇಳಿದ್ರು" ಎಂದರು ಹುಂಗ್. "ಬೆಳಿಗ್ಗೆ ಫೋನ್ ಬಂದಾಗ ಗೊತ್ತಿರ್ಲಿಲ್ಲ. ನನ್ನ ಕತೆ ಮುಗೀತು ಅಂದ್ಕೊಂಡೆ. ಸಾಯೋ ಮುಂಚೆ ಮನಸ್ಸು ಹಗುರ ಮಾಡ್ಕೊಳ್ಳೋಣ ಅಂತ, ಹಿಂದೆ ಕಾವ್‌ಶ್ಯುಂಗ್ ಬಂದರಲ್ಲಿ ಇಟ್ಕೊಂಡಿದ್ದ ಹೆಂಗಸಿನ ವಿಚಾರ ಎಲ್ಲಾ ಹೆಂಡತಿ ಮುಂದೆ ಒಪ್ಕೊಂಡ್ಬಿಟ್ಟೆ."

"ಅತ್ತೆ ಏನಂದ್ರು?"

"ಏನೂ ಅನ್ಲಿಲ್ಲ. ನನ್ನ ಪೆಟ್ಟಿಗೆ ಹೊರಗಿಟ್ಟು ಮನೆಗೆ ಬೀಗ ಹಾಕಿದ್ಲು. ಗಂಡಸರ ಸಹವಾಸವೇ ಬೇಡ ಅಂತ ಪೇಯ್‌ಚುನ್‌ನ ಕರ್ಕೊಂಡು ತವರಿಗೆ ಹೋದ್ಲು."

ಹುಂಗ್ ಎದ್ದು ಪೆಟ್ಟಿಗೆಯನ್ನು ಅವನ ಕೈಗೆ ಕೊಟ್ಟರು.

"ನಡಿ, ನಿಮ್ಮನೆಗೆ ಹೋಗೋಣ. ಊಟಕ್ಕೆ ಏನಿದ್ರೂ ಸರಿ, ಸೂಪ್ ಮಾತ್ರ ಬೇಡ ಅಂತ ನಿಮ್ಮಮ್ಮಂಗೆ ಹೇಳು."