ಬಣ್ಣಕ್ಕೆ ಅಡ್ಡ ನಿಂತ ಭಾವ

ಹಡಗಿಗೆ ಬಣ್ಣ ಬಳಿಯುವವರನ್ನು ನೀವು ಕಂಡಿರಬಹುದು. ಬಣ್ಣ ಬಳಿಯಲು ಬಿಡದವರನ್ನು ಕಂಡಿದ್ದೀರಾ? ನನ್ನ ಅಕ್ಕನ ಗಂಡ ಅಂಥವರು. ಕತಾರಿನ ಒಂದು ಡ್ರೈಡಾಕಿನಲ್ಲಿ ಅವರಿಗೆ ಅದೇ ಉದ್ಯೋಗ! ನೀರು ಖಾಲಿ ಮಾಡಿದ ಕಟ್ಟೆಯೊಳಗೆ ಹಡಗನ್ನು ನಿಲ್ಲಿಸಿ, ಅದರ ಹೊಟ್ಟೆಗಂಟಿದ ಚಿಪ್ಪು, ತುಕ್ಕು, ಹಳೆಯ ಬಣ್ಣವನ್ನೆಲ್ಲ ಒರಟು ಮರಳು ಚಿಮ್ಮಿಸಿ ಕೆರೆಯುತ್ತಾರೆ. ಆಮೇಲೆ ಭಾವ ಹೋಗಿ ನೋಡಿ ‘ಸರಿ’ ಎಂದರೆ ಬಣ್ಣ. ಯಾವಾಗ ಸರಿ ಎನ್ನುತ್ತಾರೆ? ಅದೊಂದನ್ನು ಮಾತ್ರ ಕೇಳಬೇಡಿ.

ಅವರ ಜೇಬಿನಲ್ಲಿ ಸದಾ ಒಂದು ಟೇಪಿನ ಸುರುಳಿ. ಕಬ್ಬಿಣಕ್ಕೆ ಅಂಟಿಸಿ, ಕಿತ್ತು, ಬೆಳಕಿಗೆ ಹಿಡಿದರೆ ಬರಿಗಣ್ಣಿಗೆ ಕಾಣದ ದೂಳೂ ಕಾಣುತ್ತದಂತೆ. ಈ ವಿದ್ಯೆ ಡಾಕಿನಲ್ಲೇ ಉಳಿದಿದ್ದರೆ ನಮ್ಮ ಮಾನವೂ ಉಳಿಯುತ್ತಿತ್ತು! ಒಮ್ಮೆ ಮದೀನತ್ ಖಲೀಫಾ ಬಡಾವಣೆಯಲ್ಲಿ ನಮ್ಮ ಊರಿನವರೊಬ್ಬರು ಊಟಕ್ಕೆ ಕರೆದಿದ್ದರು. ಕೋರಿ ರೊಟ್ಟಿ ಬರುವ ಮೊದಲೇ ಭಾವ ಮೇಜಿಗೆ ಟೇಪು ಅಂಟಿಸಿ, ಕಿತ್ತು, ದೀಪದತ್ತ ಎತ್ತಿ ಹಿಡಿದರು.

“ಎಂತ ನೋಡುವುದು?” ಎಂದರು ಮನೆಯೊಡತಿ.

“ದೂಳು ಉಂಟು. ಪರವಾಗಿಲ್ಲ, ಊಟ ಮಾಡಬಹುದು.”

ಎಂಥ ಔದಾರ್ಯ! ಆ ಮನೆಯವರು ನಮ್ಮನ್ನು ಮತ್ತೆ ಕರೆದಿಲ್ಲ.

ಇನ್ನೊಮ್ಮೆ ಪಾಸು ಮಾಡಿಸಿ ನನಗೆ ಡಾಕು ತೋರಿಸಿದರು. ನಾಲ್ಕು ಮಹಡಿ ಎತ್ತರದ ಹಡಗು ಬೆತ್ತಲೆ ನಿಂತಿತ್ತು. ಬಣ್ಣದ ಡಬ್ಬಿಗಳು ಸಾಲಾಗಿ ಕಾಯುತ್ತಿದ್ದವು. ಭಾವ ಟೇಪು ಕಿತ್ತು ನೋಡಿ ತಲೆಯಾಡಿಸಿದರು. “ಮಾಫಿ ಪೇಂಟ್, ಬಣ್ಣ ಇಲ್ಲ. ಪುನಃ ಗಾಳಿ ಹೊಡೀರಿ.” ಮಲಯಾಳಿ ಫೋರ್‌ಮನ್ ತನ್ನ ಭಾಷೆಯಲ್ಲಿ ಏನೋ ಗೊಣಗಿದ. ಅದು ಭಾವನಿಗೆ ಚೆನ್ನಾಗಿ ಅರ್ಥವಾಗಿ, ಇನ್ನೆರಡು ಕಡೆ ಟೇಪು ಅಂಟಿಸಿದರು!

ಕ್ಯಾಪ್ಟನ್ ಓಡಿಬಂದ. ಮುಂಬೈ ಕಡೆಯವನು. “ನೀರಿನ ಕೆಳಗೆ ಇದನ್ನೆಲ್ಲ ಯಾರು ನೋಡ್ತಾರೆ?” ಎಂದು ಹಿಂದಿಯಲ್ಲಿ ಕಿರುಚಿದ.

“ಮೀನು ನೋಡ್ತದೆ,” ಎಂದರು ಭಾವ, ಅದೇ ಹಿಂದಿಯಲ್ಲಿ.

ಅವನು ಮ್ಯಾನೇಜರಿಗೆ ಫೋನ್ ಮಾಡಿದ. ಇವರ ಕೆಲಸ ಖಲಾಸ್ ಎಂದು ನಾನು ಬೆವರಿದೆ. ಆ ಮ್ಯಾನೇಜರೋ ಭಾವನ ಜೊತೆ ವಾದಿಸಿ ಗೆದ್ದ ದಾಖಲೆಯಿಲ್ಲದವನು. ಪುನಃ ಗಾಳಿ ಹೊಡೆದರು. ಕ್ಯಾಪ್ಟನ್ ನಮ್ಮಿಬ್ಬರನ್ನೂ ನೋಡಿದ ನೋಟಕ್ಕೆ ಹಡಗಿನ ತುಕ್ಕೆಲ್ಲ ತಾನೇ ಉದುರಬೇಕಿತ್ತು.

ಇಂಥವರು ಈಚೆಗೆ ತಮ್ಮ ಮನೆಯ ಹಾಲ್‌ನ ಗೋಡೆಗಳಿಗೆ ತಾವೇ ಬಣ್ಣ ಹೊಡೆಯಲು ಹೊರಟರು! ವಾರಗಟ್ಟಲೆ ಗೋಡೆ ಉಜ್ಜಿದ್ದೇ ಉಜ್ಜಿದ್ದು. ಅಕ್ಕನ ಸಾರಿನಲ್ಲಿ ಸುಣ್ಣ, ಚಹಾದಲ್ಲಿ ಸುಣ್ಣ. “ನೀವು ಮುಗಿಸುವಷ್ಟರಲ್ಲಿ ಓನರ್ ಬಿಲ್ಡಿಂಗೇ ಕೆಡವುತ್ತಾನೆ,” ಎಂದು ಅಕ್ಕ ಸಿಡುಕಿದಳು. ಕೊನೆಗೂ ಶುಕ್ರವಾರ ಬಣ್ಣ ಬಿತ್ತು. ನಾನು ನೋಡಲು ಹೋದೆ. ಗೋಡೆಗಳು ಲಕಲಕ ಹೊಳೆಯುತ್ತಿದ್ದವು. ಕಿಟಕಿಯ ಪಕ್ಕ ಮಾತ್ರ ಅಂಗೈಯಗಲದ ಜಾಗ ಹಾಗೇ ಉಳಿದಿತ್ತು, ಕಂದು ಕಲೆಯ ಸಮೇತ.

“ಭಾವ, ಇಷ್ಟು ಬಿಟ್ಟುಹೋಯಿತಲ್ಲ!” ಎಂದು ನಕ್ಕೆ.

“ಅಲ್ಲಿ ತೆಂಗಿನೆಣ್ಣೆ ಉಂಟು ಮಾರಾಯ. ಎಣ್ಣೆಯ ಮೇಲೆ ಬಣ್ಣ ಹಿಡಿಯುವುದಿಲ್ಲ.”

ಥಿನ್ನರಿನಲ್ಲಿ ಒರೆಸಿದರೆ ಎಣ್ಣೆ ಹೋಗುತ್ತದೆ ಎನ್ನಲು ಬಾಯಿ ತೆರೆದೆ. ಆಗ ನೆನಪಾಯಿತು. ಕಳೆದ ವರ್ಷ ತೀರಿಕೊಂಡ ನಮ್ಮ ಅಮ್ಮ ವಿಸಿಟ್ ವೀಸಾದಲ್ಲಿ ಬಂದಾಗಲೆಲ್ಲ ಅಲ್ಲೇ ನೆಲದ ಮೇಲೆ ಕೂತು, ಎಣ್ಣೆ ಹಚ್ಚಿದ ತಲೆಯನ್ನು ಗೋಡೆಗೆ ಒರಗಿಸಿ, ಅಳಿಯ ಕೆಲಸದಿಂದ ಬರುವುದನ್ನು ಕಾಯುತ್ತಿದ್ದಳು.

ಥಿನ್ನರ್ ಡಬ್ಬಿ ಭಾವನ ಕೈಯಲ್ಲೇ ಇತ್ತು. ಅಕ್ಕ ಬಂದು ಅದನ್ನು ಮೆಲ್ಲನೆ ತೆಗೆದುಕೊಂಡು ಒಳಗಿಟ್ಟಳು.