ಅಕ್ಕನ ಸುಳ್ಳುಗಳು, ನನ್ನ ಶಾಸ್ತ್ರ

ನನ್ನ ಅಕ್ಕನಷ್ಟು ಧಾರಾಳವಾಗಿ ಸುಳ್ಳು ಹೇಳುವ ಮಡಿವಂತ ಹೆಂಗಸನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಏಕಾದಶಿಯ ದಿನ ಹನಿ ನೀರು ಮುಟ್ಟದವಳು, ತುಳಸಿಗೆ ಪ್ರದಕ್ಷಿಣೆ ಹಾಕದೆ ಒಲೆ ಹೊತ್ತಿಸದವಳು, ಸುಳ್ಳು ಹೇಳುವಾಗ ಮಾತ್ರ ರೆಪ್ಪೆ ಮಿಟುಕಿಸುತ್ತಿರಲಿಲ್ಲ! ಅದೂ ಎಂಥ ಸುಳ್ಳು? ಯಾರಾದರೂ ದುಃಖದಲ್ಲಿದ್ದಾರೆಂದು ಕಿವಿಗೆ ಬಿದ್ದರೆ ಸಾಕು, ಅವರ ಮನೆಗೆ ಹೋಗಿ ಅವರಿಗಿಂತ ಗಟ್ಟಿಯಾಗಿ ತಾನೇ ಅಳುವಳು. ತನಗಿಲ್ಲದ ಕಷ್ಟವೊಂದನ್ನು ಹೆಣೆದು ಹೇಳುವಳು. ಕೊನೆಗೆ ಸಮಾಧಾನ ಪಡೆಯಬೇಕಾದವರೇ ಎದ್ದು ಬಂದು ಅವಳ ಬೆನ್ನು ಸವರಬೇಕು!

ಇನ್ನು ನಾನು. ಬೆಳಿಗ್ಗೆ ನರಗುಂದದ ಹುಡುಗರಿಗೆ ಸಂಸ್ಕೃತ ಪಾಠ, ಸಂಜೆ ಗುಡಿಯಲ್ಲಿ ಪುರಾಣ. ಗುರುಗಳ ಪಾದದಡಿ ಹನ್ನೆರಡು ವರ್ಷ ಕುಳಿತು ತರ್ಕ, ವ್ಯಾಕರಣ, ವೇದಾಂತಗಳನ್ನು ಅರೆದು ಕುಡಿದವನೆಂಬ ಹೆಮ್ಮೆ. ದುಃಖವೆಂಬುದು ಅಜ್ಞಾನದಿಂದ ಹುಟ್ಟುವ ರೋಗ. ಜ್ಞಾನವನ್ನು ಕುಡಿಸಿದರೆ ವಾಸಿಯಾಗುತ್ತದೆ ಎಂಬುದು ನನ್ನ ಸಿದ್ಧಾಂತ. ಆದ್ದರಿಂದ ಸಾವಾದ ಮನೆಗಳಿಗೆ ನಾನು ವೈದ್ಯನ ಠೀವಿಯಿಂದ ಹೋಗುತ್ತಿದ್ದೆ. ನಾನು ಬರುವುದನ್ನು ಕಂಡೊಡನೆ ಜನ ಅವಸರದಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅದು ನನ್ನ ಪಾಂಡಿತ್ಯದ ಪ್ರಭಾವವೆಂದು ಬಹುಕಾಲ ನಂಬಿದ್ದೆ. ಅತ್ತರೆ ಇವನು ಇನ್ನೂ ಒಂದು ತಾಸು ಕೂಡುತ್ತಾನೆಂಬ ಭಯವೆಂದು ಯಾರೂ ನನಗೆ ತಿಳಿಸಿರಲಿಲ್ಲ!

ಅಕ್ಕನನ್ನು ಕೊಟ್ಟದ್ದು ಗಜೇಂದ್ರಗಡಕ್ಕೆ. ಅಲ್ಲಿ ನೆರೆಮನೆಗೆ ಹೊಸದಾಗಿ ಬಂದ ಸೊಸೆಯೊಬ್ಬಳು ತವರನ್ನು ನೆನೆದು ಮೂರು ಹೊತ್ತೂ ಕಣ್ಣೀರಿಡುತ್ತಿದ್ದಳಂತೆ. ಅಕ್ಕ ಹೋಗಿ ಅವಳ ಮುಂದೆ ಕುಕ್ಕರಿಸಿದಳು.

"ತಂಗೀ, ಲಗ್ನಾಗಿ ಹದಿನೆಂಟು ವರ್ಷ ಆತು, ನನಗ ಇನ್ನೂ ಹೋಳಿಗಿ ಲಟ್ಟಸಲಿಕ್ಕೆ ಬರೂದಿಲ್ಲ. ಹರದು ಹರದು ಹೋಗ್ತಾವ. ಬೈಸ್ಕೊಂಡು ಬೈಸ್ಕೊಂಡು ಸಾಕಾಗೇದ ನೋಡು!"

ಅಕ್ಕನ ಹೋಳಿಗೆ! ಓಣಿಯಲ್ಲಿ ಯಾವ ಲಗ್ನವಿದ್ದರೂ ಮೊದಲು ಕರೆಸುತ್ತಿದ್ದ ಕೈ ಅದು! ಪಾಪ, ಆ ಹುಡುಗಿ ಕಣ್ಣೊರೆಸಿಕೊಂಡು ಎದ್ದಳು. ತನ್ನ ತಾಯಿಯ ಪದ್ಧತಿಯನ್ನು ನಾಲ್ಕು ದಿನ ಹಟಹಿಡಿದು ಕಲಿಸಿದಳು. ಕಲಿಸುತ್ತ ಕಲಿಸುತ್ತ ನಕ್ಕಳು. ಆ ಹೊತ್ತಿಗೆ ನಾನು ಅಲ್ಲಿಗೆ ಹೋದಾಗ ಭಾವ ಅಡಿಗೆಮನೆಯ ಕಡೆ ನೋಡಿ, ಮೆಲ್ಲಗೆ ನನ್ನ ಕಿವಿಯಲ್ಲಿ, "ಶಾಸ್ತ್ರಿಗಳ, ನಿಮ್ಮಕ್ಕನ ಸುಳ್ಳು ಉಳೀಬೇಕಂದ್ರ ನಾ ಹರಕ ಹೋಳಿಗಿ ತಿನ್ನಬೇಕಾಗೇದ. ಇವತ್ತಿಗೆ ನಾಲ್ಕನೇ ದಿನ!" ಎಂದರು.

ಇನ್ನೊಮ್ಮೆ ಲಕ್ಕಲಕಟ್ಟಿಯಲ್ಲಿ ಭಾವನಿಗೆ ಬೇಕಾದ ರೈತನೊಬ್ಬ ಹೆಂಡತಿಯನ್ನು ಕಳೆದುಕೊಂಡು, ಹತ್ತು ದಿನಗಳಿಂದ ರೊಟ್ಟಿ ಮುಟ್ಟದೆ ಮೂಲೆ ಹಿಡಿದಿದ್ದ. ಅಕ್ಕ, ಭಾವ, ನಾನು ಮೂವರೂ ಎತ್ತಿನ ಚಕ್ಕಡಿ ಕಟ್ಟಿಸಿಕೊಂಡು ಹೋದೆವು. ಮೊದಲ ಸರದಿ ನನ್ನದೆಂದು ನಾನೇ ನಿರ್ಧರಿಸಿದೆ. ದೇಹವೆಂಬುದು ಆತ್ಮವು ಉಟ್ಟು ಬಿಡುವ ಬಟ್ಟೆ ಎಂಬುದನ್ನು ಒಂದೂವರೆ ತಾಸು ಬಿಡಿಸಿ ಬಿಡಿಸಿ ಹೇಳಿದೆ. ಆತ ಕೈಮುಗಿದುಕೊಂಡು ಎಲ್ಲವನ್ನೂ ಕೇಳಿದ.

"ಹೌದ್ರಿ ಆಚಾರ್ರ, ಖರೇ ಐತ್ರಿ. ಆದ್ರ ಅಕಿ ಸೀರಿ ಇನ್ನೂ ಹಗ್ಗದ ಮ್ಯಾಲ ಐತ್ರಿ. ಅದನ್ನ ಯಾರು ತಗೀಬೇಕ್ರಿ?"

ನಾನು ಹಗ್ಗದ ಕಡೆ ನೋಡಿದೆ. ಹನ್ನೆರಡು ವರ್ಷದ ವಿದ್ಯೆಯಲ್ಲಿ ಹಗ್ಗದ ಮೇಲಿನ ಸೀರೆಯ ಪಾಠವಿರಲಿಲ್ಲ. ಅಷ್ಟರಲ್ಲಿ ಅಕ್ಕ ಎದೆ ಬಡಿದುಕೊಂಡಳು.

"ಅಯ್ಯ, ನನ್ನ ಎಮ್ಮೀ! ನಿನ್ನಿ ಸಂತ್ಯಾಗ ತಂದದ್ದು, ಹಗ್ಗ ಹರಕೊಂಡು ಇದ ಊರ ಹೊಲದ ಕಡೆ ಓಡಿ ಬಂತಪಾ!"

ರೈತ ತಲೆ ಎತ್ತಿದ. "ಗಬ್ಬದ್ದೇನ್ರಿ, ಅವ್ವಾರ?"

"ಇವತ್ತೋ ನಾಳಿಯೋ ಈಯೂ ಹಂಗದ!"

"ಗಬ್ಬದ ಎಮ್ಮಿ ಹೊಲದಾಗ ಬಿಟ್ಟು ಹಿಂಗ ಕುಂಡ್ರತಾರೇನ್ರಿ? ಏಳ್ರಿ, ಏಳ್ರಿ!" ಎನ್ನುತ್ತ ಹತ್ತು ದಿನ ಅಲುಗದವನು ಕೋಲು ಹಿಡಿದು ಹೊರಬಿದ್ದ. ಅವನ ಹಿಂದೆ ಓಣಿಯ ನಾಲ್ಕು ಜನ. ಅವರ ಹಿಂದೆ, ಧೋತರವನ್ನು ಮೇಲೆ ಕಟ್ಟಿಕೊಂಡು, ಯಾರು? ನಾನೇ! ಜಾಲಿಯ ಮುಳ್ಳಿನಲ್ಲಿ ನುಗ್ಗಿ ಸಂಜೆಯವರೆಗೆ ಎಮ್ಮೆಯನ್ನು ಕೂಗಿ ಕರೆದೆ. ಎಮ್ಮೆ ಸಿಗಲಿಲ್ಲ. ಹಸಿದು ಬಂದ ರೈತ ಕಟ್ಟೆಯ ಮೇಲೆ ಕೂತು ನಾಲ್ಕು ರೊಟ್ಟಿ ಉಂಡ.

ತಿರುಗಿ ಬರುವಾಗ ಚಕ್ಕಡಿಯಲ್ಲಿ ನಾನು ಅಕ್ಕನನ್ನು ಸಮಾಧಾನಪಡಿಸಿದೆ. "ಚಿಂತಿ ಮಾಡಬ್ಯಾಡ ಅಕ್ಕಾ, ದೇವರಿದ್ದಾನ. ಎಮ್ಮಿ ಸಿಗತದ."

"ಇದ್ದರ ಸಿಗತದ!" ಎಂದರು ಭಾವ, ಎತ್ತಿನ ಬಾಲ ಮುರಿಯುತ್ತ.

ನನಗೆ ಅರ್ಥವಾಗಲು ಅರ್ಧ ಮೈಲು ಬೇಕಾಯಿತು. "ಅಕ್ಕಾ! ಅಸತ್ಯ ಮಹಾಪಾಪ!" ಎಂದು ಗುಡುಗಿದೆ.

"ಎಮ್ಮಿ ಸುಳ್ಳು, ಒಪ್ಪಿದೆ. ಅಂವಾ ನಾಲ್ಕು ರೊಟ್ಟಿ ಉಂಡದ್ದು ಸುಳ್ಳೇನು?"

ನಾನು ಹರಿದ ಧೋತರವನ್ನು ಮುಚ್ಚಿಕೊಳ್ಳುವುದರಲ್ಲಿ ಮಗ್ನನಾಗಿದ್ದೆ.

ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದ ಹೊಸತರಲ್ಲಿ ನನ್ನ ಮನೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಮದುವೆಯಾಗಿ ಒಂಬತ್ತು ವರ್ಷಕ್ಕೆ ಬಂದ ಕೂಸು. ಹನ್ನೆರಡನೆಯ ದಿನಕ್ಕೆ ತೊಟ್ಟಿಲು ನಿಶ್ಚಯವಾಯಿತು. ಹನ್ನೊಂದನೆಯ ದಿನ ಬೆಳಿಗ್ಗೆ ಕೂಸು ಹೋಯಿತು.

ಆಗ ನಾನು ಮಾಡಿದ್ದೇನು? ಗ್ರಂಥ ತೆಗೆದೆ! ನಾಮಕರಣಕ್ಕೆ ಮುನ್ನ ಹೋದ ಶಿಶುವಿಗೆ ಆಶೌಚವಿಲ್ಲ, ಸ್ನಾನಮಾತ್ರದಿಂದ ಶುದ್ಧಿ ಎಂಬ ವಿಧಿಯನ್ನು ಹುಡುಕಿ, ಹೆಂಡತಿಗೆ, "ಸೂತಕ ಇಲ್ಲ. ಸ್ನಾನ ಮಾಡಿದರ ಮುಗೀತು" ಎಂದೆ. ಅದು ಅವಳಿಗೆ ಸಮಾಧಾನವಾದೀತೆಂದು ನಿಜವಾಗಿ ನಂಬಿದ್ದೆ. ಸೂತಕವೇ ಇಲ್ಲದ ಮನೆಗೆ ಮಾತನಾಡಿಸಲು ಬರುವವರು ಯಾರು? ಗಜೇಂದ್ರಗಡಕ್ಕೂ ಬರುವುದು ಬೇಡವೆಂದು ಹೇಳಿ ಕಳುಹಿಸಿದೆ.

ಅವಳು ಸ್ನಾನ ಮಾಡಿದಳು. ಅಂದಿನಿಂದ ಮಾತು ನಿಲ್ಲಿಸಿದಳು. ಅಡಿಗೆ ಮಾಡುವಳು, ಬಡಿಸುವಳು. ತಾನು ಎರಡು ತುತ್ತು ತಿಂದರೆ ತಿಂದಳು. ರೋಣದಿಂದ ಬಂದ ಡಾಕ್ಟರು ರಕ್ತ ಕಡಿಮೆಯೆಂದು ಟಾನಿಕ್ಕು ಕೊಟ್ಟರು. ನೆರೆಯವರು ದೃಷ್ಟಿ ತೆಗೆದರು. ನಾನು ದಿನವೂ ಅವಳ ಮುಂದೆ ಕುಳಿತು ವೈರಾಗ್ಯವನ್ನು ಬೋಧಿಸಿದೆ. ಗುಡಿಯಲ್ಲಾದರೆ ಜನ ನಡುವೆ ಎದ್ದು ಹೋಗಬಹುದು. ಇವಳಿಗೆ ಆ ಅನುಕೂಲವೂ ಇರಲಿಲ್ಲ. ದಿನದಿನಕ್ಕೆ ಅವಳ ಬಳೆಗಳು ಮೊಣಕೈಯವರೆಗೆ ಜಾರತೊಡಗಿದುವು. ಇವಳೂ ಹೋಗಿಬಿಡುತ್ತಾಳೆಂಬ ಭಯ ನನ್ನನ್ನು ಹಿಡಿಯಿತು.

ಮೂರು ವಾರ ಕಳೆದ ಮೇಲೆ, ಸತ್ಯವ್ರತನಾದ ನಾನು ಅಕ್ಕನಿಗೆ ಒಂದು ಕಾರ್ಡು ಬರೆದೆ: "ಯಾವುದಾದರೊಂದು ಒಳ್ಳೆಯ ಸುಳ್ಳನ್ನು ಸಿದ್ಧಮಾಡಿಕೊಂಡು ಕೂಡಲೇ ಬಾ."

ಕಾರ್ಡು ಮುಟ್ಟಿದ ಮರುದಿನದ ಮೋಟಾರಿಗೇ ಬಂದಳು. ನನ್ನ ಕಡೆ ನೋಡದೆ ನೇರವಾಗಿ ಒಳಗೆ ಹೋದಳು. ಹೆಂಡತಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅಕ್ಕ ಎದುರಿಗೆ ಕುಳಿತಳು. ಈ ಸಲ ಏನು ಕಳೆದಿರಬಹುದೆಂದು ನಾನು ಬಾಗಿಲಲ್ಲಿ ಕಿವಿಗೊಟ್ಟು ನಿಂತೆ.

"ತಂಗೀ, ನನ್ನ ಸಂಕಟ ಯಾರಿಗೆ ಹೇಳ್ಲಿ? ನಿನ್ನ ಗಂಡ ಬರಬ್ಯಾಡ ಅಂದ. ಸೋದರತ್ತಿ ನಾನು. ಕೂಸಿನ್ನ ತೊಟ್ಟಲದಾಗ ಹಾಕಿ ಕಿವ್ಯಾಗ ಹೆಸರು ಹೇಳೂದು ನನ್ನ ಹಕ್ಕು. ಯಾವ ಹೆಸರು ಹೇಳಬೇಕಾಗಿತ್ತು ಅಂತ ಸುದ್ದಾ ನನಗ ಯಾರೂ ಹೇಳಲಿಲ್ಲ."

ಅಕ್ಕ ಅಳುತ್ತಿದ್ದಳು. ನಾನು ಆ ಮಾತಿನಲ್ಲಿ ಸುಳ್ಳಿಗಾಗಿ ಹುಡುಕಿದೆ. ಇರಲಿಲ್ಲ.

ಮೊರದ ಮೇಲಿನ ಕೈ ನಿಂತಿತು. ಆಮೇಲೆ ನನ್ನ ಹೆಂಡತಿ ಮೊರವನ್ನು ಸರಿಸಿ, ತನ್ನ ಸೆರಗಿನಿಂದ ಅಕ್ಕನ ಕಣ್ಣೊರೆಸಿ, ಅವಳ ಕಿವಿಯ ಹತ್ತಿರ ಬಾಗಿ ಏನೋ ಹೇಳಿದಳು. ಒಂದೇ ಮಾತು.

"ಏನಂದಳು ಅಕ್ಕಾ?" ಎಂದು ಬಾಗಿಲಿನಿಂದಲೇ ಕೇಳಿದೆ.

"ನನ್ನ ಯಾಕ ಕೇಳ್ತೀಯೋ ತಮ್ಮಾ? ಮೂರು ವಾರ ಆತು. ಅಕೀನ್ನ ಒಮ್ಮೆರ ಕೇಳೀಯೇನು?"

ಕೇಳಿರಲಿಲ್ಲ. ಹೇಳಿದ್ದೆ; ಹೇಳಿದ್ದೇ ಹೇಳಿದ್ದು. ಅವಳು ಆ ಕೂಸಿಗೆ ಒಂದು ಹೆಸರನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾಳೆಂಬುದೇ ನನಗೆ ಹೊಳೆದಿರಲಿಲ್ಲ.

ಒಳಗೆ ಹೋಗಿ ಅವಳ ಮಗ್ಗುಲಿಗೆ ನೆಲದ ಮೇಲೆ ಕುಳಿತೆ.

"ನಮ್ಮ ಮಗಳ ಹೆಸರೇನು?" ಎಂದೆ.

ಹೇಳಿದಳು.

ಇನ್ನೊಮ್ಮೆ ಹೇಳು ಎಂದೆ.